ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನೀರು ನಿಧಾನಕ್ಕೆ ತುಂಬೋ ವಾಷಿಂಗ್ ಮಷೀನಿನ ವಿಚಾರ



ಈ ಸಲ ರಾಗಿ ಇಲ್ಲ, ಶೇಂಗಾ ಇಲ್ಲ, ಅಡಿಕೆ ರೇಟಿನ ಸುದ್ದೀನೂ ಇಲ್ಲ. ವಾಷಿಂಗ್ ಮಷೀನಿನ ವಿಚಾರ ಬರೀತಿದೀನಿ. "ಇದೇನ್ ಗುರು, ಹೊಲದ ಪೇಜಲ್ಲಿ ಬಟ್ಟೆ ಒಗೆಯೋ ಮಾತು" ಅಂತ ನಗೋರು ನಗ್ಲಿ, ಆದ್ರೆ ಪೂರ್ತಿ ಓದಿ ಆಮೇಲೆ ನಗಿ. ಇದು ಹೆಡ್ಡಿನ ವಿಚಾರ, ಪೈಪಿನ ವಿಚಾರ, ಫಿಲ್ಟರಿನ ವಿಚಾರ. ಮೂರೂ ನಮಗೆ ಅರೆದು ಕುಡಿದಷ್ಟು ಗೊತ್ತಿರೋ ಸಂಗತಿಗಳೇ. ಹೊಲದಲ್ಲಿ ಗೊತ್ತು, ಮನೆ ಹೊಸಿಲು ದಾಟಿದ ತಕ್ಷಣ ಮರೆತುಹೋಗುತ್ತೆ. ಆ ಮರೆವಿನ ಮೇಲೇ ನನ್ನ ಜಗಳ.

ಮೊದಲೇ ನೇರವಾಗಿ ಹೇಳಿಬಿಡ್ತೀನಿ. ಮಷೀನಿಗೆ ನೀರು ನಿಧಾನಕ್ಕೆ ತುಂಬ್ತಾ ಇದ್ರೆ ಹತ್ತರಲ್ಲಿ ಬಹುಪಾಲು ಸಲ ಮಷೀನು ಕೆಟ್ಟಿರಲ್ಲ. ಕೆಟ್ಟಿರೋದು ಟ್ಯಾಂಕಿನ ಎತ್ತರ, ಪೈಪಿನ ಅಳತೆ, ಇಲ್ಲಾ ಮಷೀನಿನ ಬೆನ್ನಿಗಿರೋ ಹೆಬ್ಬೆಟ್ಟಿನಷ್ಟು ಅಗಲದ ಜಾಲರಿ. ಆದ್ರೆ ನಾವು ಮಾಡೋದೇನು? ಮೆಕ್ಯಾನಿಕ್‌ಗೆ ಫೋನು. ಅವನು ಬಂದು "ಬೋರ್ಡ್ ಹೋಗೈತೆ" ಅಂದ್ರೆ ತಲೆ ಆಡಿಸ್ತೀವಿ. ಇಲ್ಲಾಂದ್ರೆ ಪಂಚಾಯ್ತಿ ನಲ್ಲಿಗೆ ಮೋಟ್ರು ಕಟ್ಟಿ ಎಳೀತೀವಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಅನ್ನೋ ಗಾದೆ ಇದಕ್ಕೇ ಮಾಡಿದಂಗೈತೆ.

ಡ್ರಿಪ್‌ಗೊಂದು ನ್ಯಾಯ, ಮನೆಗೊಂದು ನ್ಯಾಯ

ತೋಟದಲ್ಲಿ ಡ್ರಿಪ್ ಹನಿ ಕಮ್ಮಿ ಆಯ್ತು ಅನ್ಕೊಳ್ಳಿ. ಯಾರಾದ್ರೂ "ಗಿಡ ಕೆಟ್ಟೋಗೈತೆ, ನೀರು ಕುಡೀತಿಲ್ಲ" ಅಂತೀವಾ? ಇಲ್ಲ. ಸೀದಾ ಫಿಲ್ಟರ್ ಹತ್ರ ಹೋಗ್ತೀವಿ. ಗೇಜ್ ಇದ್ರೆ ಫಿಲ್ಟರಿನ ಮುಂದೆ ಎಷ್ಟು, ಹಿಂದೆ ಎಷ್ಟು ನೋಡ್ತೀವಿ. ಅರ್ಧ ಕೆಜಿ ವ್ಯತ್ಯಾಸ ಬಂದ್ರೆ ಬಿಚ್ಚಿ ತೊಳೀತೀವಿ. ಆಮೇಲೆ ಸಬ್‌ಮೇನ್ ಫ್ಲಶ್, ಆಮೇಲೆ ಲ್ಯಾಟರಲ್ ತುದಿ ಬಿಚ್ಚಿ ಕೆಸರು ಬಿಡ್ತೀವಿ. ಏರ್ ವಾಲ್ವ್ ನೋಡ್ತೀವಿ. ಬಿಳಿ ಸುಣ್ಣ ಕಟ್ಟಿದ್ರೆ ಆಸಿಡ್ ಬಿಡ್ತೀವಿ. ಇದನ್ನ ನಮಗೆ ಯಾವ ಇಂಜಿನಿಯರ್ರೂ ಬಂದು ಹೇಳಿಕೊಡಬೇಕಿಲ್ಲ. ಏಳನೇ ಕ್ಲಾಸು ಓದಿದ ಹುಡುಗನೂ ಮಾಡ್ತಾನೆ.

ಅದೇ ಬೋರಿನ ನೀರು, ಅದೇ ಮರಳು, ಅದೇ ಸುಣ್ಣ ಮನೆ ಟ್ಯಾಂಕಿಗೆ ಬಂದು, ಅಲ್ಲಿಂದ ಒಂದು ಸಣ್ಣ ಜಾಲರಿ ದಾಟಿ ಮಷೀನಿಗೆ ಹೋಗುತ್ತೆ. ಆ ಜಾಲರೀನ ಕೊಂಡಾಗಿಂದ ಒಂದು ಸಲವೂ ಬಿಚ್ಚಿ ನೋಡದ ಮನೆಗಳು ನಮ್ಮೂರಲ್ಲಿ ಎಷ್ಟಿಲ್ಲ? ಐದು ವರ್ಷ ಡ್ರಿಪ್ ಫಿಲ್ಟರ್ ತೊಳೀದೆ ಇದ್ದೋನನ್ನ ನಾವು ಏನಂತೀವಿ? ಬೇಜವಾಬ್ದಾರಿ ಅಂತೀವಿ. ಅದೇ ಮಾತು ಮನೆ ಒಳಗೆ ಯಾಕೆ ಅನ್ವಯ ಆಗಲ್ಲ?

ಕಾರಣ ನಂಗೆ ಗೊತ್ತು, ನಿಮಗೂ ಗೊತ್ತು. ಡ್ರಿಪ್ ನಿಂತ್ರೆ ನಮ್ಮ ದುಡ್ಡು ನಿಲ್ಲುತ್ತೆ. ಮಷೀನು ನಿಂತ್ರೆ ಮನೇಲಿ ಹೆಂಗಸ್ರು ಕಾಯ್ತಾರೆ. ಅವರು ಕಾಯೋ ಹೊತ್ತಿಗೆ ನಾವು ಇನ್ನೂ ಕೂಲಿ ಲೆಕ್ಕ ಹಾಕಿಲ್ಲ.

ಲೆಕ್ಕ ಹಾಕೋಣ ಬನ್ನಿ

ಮೇಲಿಂದ ಬಟ್ಟೆ ಹಾಕೋ ಆಟೋಮ್ಯಾಟಿಕ್ ಮಷೀನು ಒಂದು ಸಲ ತುಂಬೋಕೆ ಸುಮಾರು 50 ಲೀಟರ್ ತಗೊಳ್ತದೆ ಅಂತ ಇಟ್ಕೊಳ್ಳಿ. ಒಗೆಯೋಕೆ ಒಂದ್ಸಲ, ಜಾಲಿಸೋಕೆ ಎರಡು ಸಲ. ಒಟ್ಟು 150 ಲೀಟರ್. ನಲ್ಲೀಲಿ ನಿಮಿಷಕ್ಕೆ 10 ಲೀಟರ್ ಬಂದ್ರೆ ತುಂಬೋಕೆ ಹಿಡಿಯೋದು 15 ನಿಮಿಷ. ನಿಮಿಷಕ್ಕೆ 2 ಲೀಟರ್ ಬಂದ್ರೆ? 75 ನಿಮಿಷ. ಒಂದೂಕಾಲು ಗಂಟೆ ಬರೀ ತುಂಬೋದಕ್ಕೇ ಹೋಯ್ತು, ಒಗೆಯೋದು ಬೇರೆ. ಮಧ್ಯದಲ್ಲಿ ಕರೆಂಟ್ ಹೋಯ್ತಾ, ಮುಗೀತು ಕಥೆ. ಸೋಪಿನ ನೀರಲ್ಲಿ ಬಟ್ಟೆ ನೆನೀತಾ ಬಿದ್ದಿರುತ್ತೆ.

ಎಷ್ಟೋ ಮಷೀನುಗಳು ಅಷ್ಟು ಹೊತ್ತು ಕಾಯೋದೂ ಇಲ್ಲ. ಗೊತ್ತಾದ ಟೈಮಿನೊಳಗೆ ಮಟ್ಟ ಬರಲಿಲ್ಲ ಅಂದ್ರೆ ನಿಂತು, ಪೀಂ ಪೀಂ ಅಂತ ಕೂಗಿ, ಕೋಡ್ ತೋರಿಸ್ತವೆ. ಎಲ್‌ಜಿ ಮಷೀನಲ್ಲಿ ಐಇ, ಸ್ಯಾಮ್‌ಸಂಗ್‌ನಲ್ಲಿ 4ಇ ಇಲ್ಲಾ 4ಸಿ. ಇದರ ಅರ್ಥ "ನಾನು ಕೆಟ್ಟಿದೀನಿ" ಅಂತಲ್ಲ. "ನಂಗೆ ನೀರು ಸಾಕಾಗ್ತಿಲ್ಲ" ಅಂತ. ಮಷೀನು ಬಾಯಿಬಿಟ್ಟು ನಿಜ ಹೇಳ್ತಾ ಐತೆ, ನಾವು ಅದನ್ನೇ ಕಳ್ಳ ಅಂತಿದೀವಿ.

ಆಮೇಲೆ ಏನಾಗುತ್ತೆ? ಮನೆಯಾಕೆ ಬಚ್ಚಲಿಂದ ಬಕೆಟ್ ತುಂಬಿ ತುಂಬಿ ಮಷೀನಿಗೆ ಸುರೀತಾಳೆ. 150 ಲೀಟರ್ ಅಂದ್ರೆ ಹತ್ತು ಲೀಟರಿನ ಹದಿನೈದು ಬಕೆಟ್. 150 ಕೆಜಿ. ಮೂರು ಮೂಟೆ ರಾಗಿ ಎತ್ತಿದಂಗೆ. ಸಾವಿರಾರು ರೂಪಾಯಿ ಕೊಟ್ಟು ಆಟೋಮ್ಯಾಟಿಕ್ ತಂದಿದ್ದು ಇದಕ್ಕಾ?

ಹೆಡ್ಡಿನ ಲೆಕ್ಕ

ಈಗ ಮೂಲಕ್ಕೆ ಬರೋಣ. ಹತ್ತು ಮೀಟರ್ ನೀರಿನ ಎತ್ತರಕ್ಕೆ ಹತ್ರಹತ್ರ ಒಂದು ಕೆಜಿ ಪ್ರೆಷರ್, ಇದು ನಮಗೆ ಬಾಯಿಪಾಠ. ಒಂದು ಮೀಟರಿಗೆ 0.1 ಕೆಜಿ. ಮಷೀನಿನ ಜೊತೆ ಬರೋ ಪುಸ್ತಕ ಹುಡುಕಿ ತೆಗೀರಿ, ಅಟ್ಟದ ಮೇಲೋ ಬೀರು ಒಳಗೋ ಇರುತ್ತೆ. ಬಹಳಷ್ಟು ಕಂಪನಿಗಳು ಕನಿಷ್ಠ 0.3 ರಿಂದ 0.5 ಬಾರ್ ಪ್ರೆಷರ್ ಬೇಕು ಅಂತ ಬರೆದಿರ್ತಾರೆ. ಅಂದ್ರೆ ಮಷೀನಿನ ನೀರಿನ ಬಾಯಿಯಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಮೂರರಿಂದ ಐದು ಮೀಟರ್ ಎತ್ತರ.

ನಮ್ಮ ಆರ್‌ಸಿಸಿ ಮನೆ ನೋಡಿ. ನೆಲದಿಂದ ಛಾವಣಿಗೆ ಹತ್ತು ಅಡಿ, ಅಂದ್ರೆ ಮೂರು ಮೀಟರ್. ಸಾವಿರ ಲೀಟರ್ ಟ್ಯಾಂಕನ್ನ ಸೀದಾ ಛಾವಣಿ ಮೇಲೇ ಕೂರಿಸಿರ್ತೀವಿ. ಟ್ಯಾಂಕು ತುಂಬಿದ್ದಾಗ ನೀರಿನ ಮಟ್ಟ ನೆಲದಿಂದ ನಾಲ್ಕು ಮೀಟರ್ ಮೇಲೆ ಸ್ವಲ್ಪ. ಮಷೀನಿನ ನೀರಿನ ಬಾಯಿ ನೆಲದಿಂದ ಸುಮಾರು ಒಂದು ಮೀಟರ್ ಮೇಲಿರುತ್ತೆ. ಉಳಿದದ್ದು ಮೂರು ಮೀಟರ್ ಚಿಲ್ಲರೆ, 0.3 ಬಾರ್. ಟ್ಯಾಂಕ್ ಖಾಲಿ ಆಗ್ತಾ ಬಂದಂಗೆ ಎರಡು ಮೀಟರ್ ಚಿಲ್ಲರೆ, 0.2 ಬಾರ್. ಕಂಪನಿ ಕೇಳಿದ್ದಕ್ಕಿಂತ ಕೆಳಗೆ. ಅದಕ್ಕೇ ಬೆಳಿಗ್ಗೆ ಟ್ಯಾಂಕ್ ತುಂಬಿದಾಗ ಹಾಕಿದ ಬಟ್ಟೆ ಬೇಗ ಆಗುತ್ತೆ, ಸಂಜೆ ಹಾಕಿದ್ದು ಎಳೆದಾಡುತ್ತೆ. ಇದು ಮಷೀನಿನ ಮೂಡಲ್ಲ ಸ್ವಾಮಿ, ಟ್ಯಾಂಕಿನ ಮಟ್ಟ.

ಅದೂ ಸಾಲದು ಅಂತ ಪೈಪು. ಮನೆ ಕಟ್ಟೋವಾಗ ಟೈಲ್ಸಿಗೆ ಸಾವಿರಾರು ರೂಪಾಯಿ ಸುರೀತೀವಿ, ಗೋಡೆ ಒಳಗೆ ಹೋಗೋ ಪೈಪಿಗೆ ಬಂದಾಗ "ಅರ್ಧ ಇಂಚು ಸಾಕು ಬುಡಣ್ಣ" ಅಂತೀವಿ. ನಿಮಿಷಕ್ಕೆ 10 ಲೀಟರ್ ನೀರು 20 ಮೀಟರ್ ಅರ್ಧ ಇಂಚಿನ ಪೈಪಲ್ಲಿ ಹರಿಯೋಕೆ ಬರೀ ಉಜ್ಜಾಟಕ್ಕೇ ಸುಮಾರು ಒಂದೂಮುಕ್ಕಾಲು ಮೀಟರ್ ಹೆಡ್ ತಿನ್ನುತ್ತೆ. ಎಲ್ಬೋಗಳು ಬೇರೆ. ಇರೋದೇ ಮೂರು ಮೀಟರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೋಡೆ ಒಳಗೇ ಸತ್ತೋಯ್ತು. ಅದೇ ಮುಕ್ಕಾಲು ಇಂಚಿನ ಪೈಪಾದ್ರೆ ನಷ್ಟ ಅರ್ಧ ಮೀಟರ್ ಒಳಗೇ. ಹೊಲದಲ್ಲಿ ಎರಡೂವರೆ ಇಂಚು ಹಾಕೋ ಕಡೆ ಒಂದೂವರೆ ಹಾಕಿದೋನನ್ನ ಬೈಯೋ ನಾವು, ಮನೇಲಿ ಮಾಡೋದು ಅದನ್ನೇ.

ಪರಿಹಾರ ಏನು? ಟ್ಯಾಂಕನ್ನ ಆರಡಿ ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿದ್ರೆ 1.8 ಮೀಟರ್ ಹೆಡ್ ಸಿಗುತ್ತೆ. ಕರೆಂಟ್ ಬೇಡ, ಮೋಟ್ರು ಬೇಡ, ರಿಪೇರಿ ಬೇಡ. ಇದ್ದ ಪ್ರೆಷರ್ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ. ಒಂದು ಎಚ್ಚರಿಕೆ: ಸಾವಿರ ಲೀಟರ್ ನೀರಂದ್ರೆ ಒಂದು ಟನ್ ಭಾರ. ಸ್ಟ್ಯಾಂಡಿನ ಕಾಲುಗಳು ಛಾವಣಿ ಮಧ್ಯಕ್ಕೆ ಬೇಡ, ಗೋಡೆ ಇಲ್ಲಾ ಬೀಮ್ ಮೇಲೇ ಬರಬೇಕು. ಮೇಸ್ತ್ರಿಗೆ ತೋರಿಸಿ ಮಾಡಿ.

ಬಕೆಟ್ ಪರೀಕ್ಷೆ: ಇಪ್ಪತ್ತು ನಿಮಿಷದ ಕೆಲಸ

ಯಾರಿಗೂ ಫೋನ್ ಮಾಡೋ ಮುಂಚೆ ಇಷ್ಟು ಮಾಡಿ. ಬೇಕಾಗೋದು ಹತ್ತು ಲೀಟರಿನ ಬಕೆಟ್, ಮೊಬೈಲ್ ಗಡಿಯಾರ, ಹಳೇ ಹಲ್ಲುಜ್ಜೋ ಬ್ರಶ್, ಒಂದು ಇಕ್ಕಳ.

1. ನಲ್ಲಿ. ಮಷೀನಿನ ಪ್ಲಗ್ ಕೀಳಿ. ನಲ್ಲಿ ಮುಚ್ಚಿ, ಮಷೀನಿನ ಪೈಪನ್ನ ನಲ್ಲಿ ಕಡೆಯಿಂದ ಬಿಚ್ಚಿ. ನಲ್ಲಿ ಪೂರ್ತಿ ತೆಗೆದು ಬಕೆಟ್ ತುಂಬೋಕೆ ಎಷ್ಟು ಹೊತ್ತು ನೋಡಿ. ಒಂದು ನಿಮಿಷದ ಆಸುಪಾಸಾದ್ರೆ ಚೆನ್ನಾಗೈತೆ. ಎರಡು ನಿಮಿಷವಾದ್ರೆ ಹೆಂಗೋ ನಡೆಯುತ್ತೆ. ಮೂರು, ನಾಲ್ಕು ನಿಮಿಷ ಹಿಡೀತಾ? ಅಲ್ಲಿಗೇ ನಿಲ್ಲಿಸಿ. ಮಷೀನು ಮುಟ್ಟಬೇಡಿ. ರೋಗ ಟ್ಯಾಂಕಲ್ಲೋ ಪೈಪಲ್ಲೋ ವಾಲ್ವಲ್ಲೋ ಐತೆ. ಟ್ಯಾಂಕಿನ ಗೇಟ್ ವಾಲ್ವ್ ಪೂರ್ತಿ ತೆಗೆದೈತಾ, ಟ್ಯಾಂಕಿನ ತಳದಲ್ಲಿ ಕೆಸರು ಕೂತು ಪೈಪಿನ ಬಾಯಿ ಮುಚ್ಚೈತಾ ನೋಡಿ. ಟ್ಯಾಂಕ್ ಒಂದ್ಸಲ ಪೂರ್ತಿ ಖಾಲಿಯಾದ ಮೇಲೆ ಶುರುವಾದ ತೊಂದರೆ ಆದ್ರೆ ಪೈಪಲ್ಲಿ ಗಾಳಿ ಸಿಕ್ಕಿರುತ್ತೆ. ಟ್ಯಾಂಕಿನ ಔಟ್‌ಲೆಟ್ ಹತ್ರ ಒಂದು ಗಾಳಿ ಪೈಪು ಎತ್ತರಕ್ಕೆ ಬಿಟ್ಟಿದ್ರೆ ಈ ಕಾಟ ಇರಲ್ಲ. ಡ್ರಿಪ್ಪಿಗೆ ಏರ್ ವಾಲ್ವ್ ಯಾಕೆ ಹಾಕ್ತೀವೋ ಅದೇ ಕಾರಣ.

2. ಮಷೀನಿನ ಪೈಪು. ನಲ್ಲಿ ಚೆನ್ನಾಗಿ ಬಂತಾ? ಈಗ ಪೈಪನ್ನ ನಲ್ಲಿಗೆ ಸೇರಿಸಿ, ಇನ್ನೊಂದು ತುದೀನ ಮಷೀನಿನಿಂದ ಬಿಚ್ಚಿ ಬಕೆಟ್ಟಿಗೆ ಬಿಡಿ. ನಲ್ಲೀಲಿ ಒಂದು ನಿಮಿಷ, ಇಲ್ಲಿ ಮೂರು ನಿಮಿಷ ಅಂದ್ರೆ ರೋಗ ಪೈಪಲ್ಲಿ. ಮಷೀನನ್ನ ಗೋಡೆಗೆ ಒತ್ತಿ ಇಟ್ಟು ಪೈಪು ಮಡಚಿರುತ್ತೆ, ವಾಷರ್ ಉಬ್ಬಿರುತ್ತೆ, ನಲ್ಲಿ ಕಡೆ ಇರೋ ಜಾಲರಿ ಕಟ್ಟಿರುತ್ತೆ.

3. ಮಷೀನಿನ ಜಾಲರಿ. ಮಷೀನಿನ ಬೆನ್ನಲ್ಲಿ ಪೈಪು ಸೇರೋ ಬಾಯೊಳಗೆ ಇಣುಕಿ ನೋಡಿ. ಪ್ಲಾಸ್ಟಿಕ್ ಇಲ್ಲಾ ಸ್ಟೀಲಿನ ಒಂದು ಪುಟ್ಟ ಜಾಲರಿ ಇರುತ್ತೆ. ಮಧ್ಯದ ಮೂಗನ್ನ ಇಕ್ಕಳದಿಂದ ಹಿಡಿದು ಮೆಲ್ಲಗೆ ನೇರಕ್ಕೆ ಎಳೀರಿ, ಬರುತ್ತೆ. ನಮ್ಮ ಕಡೆ ಇದನ್ನ ಎಳೆದಾಗ ಸಿಗೋದು ಮೂರು ತರ: ಸಣ್ಣ ಮರಳು, ಕೆಂಪು ಕೆಸರು, ಬಿಳಿ ಸುಣ್ಣ. ಮರಳು ಬೋರಿಂದು. ಕೆಂಪು ಅಂದ್ರೆ ಕಬ್ಬಿಣ. ಬೋರಿಂದ ಬಂದಾಗ ತಿಳಿಯಾಗಿರೋ ನೀರು ಟ್ಯಾಂಕಲ್ಲಿ ಗಾಳಿ ತಾಗಿ ಒಂದು ರಾತ್ರಿ ನಿಂತ್ರೆ ಕೆಂಪಗೆ ತಳ ಕಟ್ಟೋದು ಇದೇ. ಬಿಳಿ ಅಂದ್ರೆ ಗಡಸು ನೀರಿನ ಸುಣ್ಣ. ಬ್ರಶ್ಶಲ್ಲಿ ತೊಳೀರಿ. ಸುಣ್ಣ ಬಿಡಲಿಲ್ಲ ಅಂದ್ರೆ ನಿಂಬೆರಸವೋ ವಿನಿಗರ್ರೋ ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ತೊಳೀರಿ.

ಇಲ್ಲಿ ಎರಡು ಮಾತು ಕಟ್ಟುನಿಟ್ಟಾಗಿ ಹೇಳ್ತೀನಿ. ಒಂದು, ಡ್ರಿಪ್ಪಿಗೆ ಬಿಡೋ ಆಸಿಡ್ಡನ್ನ ಇಲ್ಲಿಗೆ ತರಬೇಡಿ. ರಬ್ಬರ್, ಲೋಹ ಎರಡೂ ತಿಂದುಹಾಕುತ್ತೆ. ಬಚ್ಚಲಲ್ಲಿ ಬ್ಲೀಚಿಂಗ್ ಪೌಡರ್ ಇದ್ದು ಅದಕ್ಕೆ ಆಸಿಡ್ ಬಿತ್ತು ಅಂದ್ರೆ ಕ್ಲೋರಿನ್ ವಿಷಗಾಳಿ ಏಳುತ್ತೆ, ಮುಚ್ಚಿದ ಕೋಣೇಲಿ ಜೀವಕ್ಕೇ ಅಪಾಯ. ಎರಡು, "ಜಾಲರಿ ಇಲ್ದಿದ್ರೆ ನೀರು ಚೆನ್ನಾಗಿ ಬರ್ತದೆ" ಅಂತ ಕಿತ್ತು ಬಿಸಾಕಬೇಡಿ. ಒಳಗಿರೋ ವಾಲ್ವಿನ ರಬ್ಬರ್ ಪೊರೆಗೆ ಒಂದು ಮರಳಿನ ಕಣ ಸಿಕ್ಕಿಕೊಂಡ್ರೆ ವಾಲ್ವು ಪೂರ್ತಿ ಮುಚ್ಚಲ್ಲ. ಮಷೀನು ಆಫ್ ಇದ್ರೂ ರಾತ್ರಿಯೆಲ್ಲ ನೀರು ಒಳಗೆ ತೊಟ್ಟಿಕ್ಕುತ್ತೆ. ಡ್ರಿಪ್ ಫಿಲ್ಟರಿನ ಜಾಲರಿ ಹರಿದಾಗ ಏನಾಗುತ್ತೋ ಅದೇ.

4. ಸೋಪಿನ ಡಬ್ಬಿ. ಡಬ್ಬಿ ಎಳೆದು ತೆಗೀರಿ. ಪೌಡರ್ ಗಟ್ಟಿಯಾಗಿ ಕಟ್ಟಿರುತ್ತೆ. ಮೇಲ್ಗಡೆ ನೀರು ಬೀಳೋ ತೂತುಗಳೂ ಸುಣ್ಣದಿಂದ ಮುಚ್ಚಿರ್ತವೆ. ಬ್ರಶ್ ಹಾಕಿ ಉಜ್ಜಿ.

5. ಹೊರಗೆ ಹೋಗೋ ಪೈಪು. ಇದು ಬಹಳ ಜನಕ್ಕೆ ಹೊಳೆಯಲ್ಲ. ಕೊಳಕು ನೀರು ಹೋಗೋ ಪೈಪನ್ನ ನೆಲದ ಮೇಲೆ ಮಲಗಿಸಿ ಬಚ್ಚಲ ಮೋರಿಗೆ ಬಿಟ್ಟಿದ್ರೆ, ಮೇಲಿಂದ ತುಂಬ್ತಾ ಇರೋ ನೀರು ಕೆಳಗಿಂದ ತಾನೇ ಹರಿದುಹೋಗ್ತಾ ಇರುತ್ತೆ. ಸೈಫನ್ ಆಗುತ್ತೆ. ತುಂಬ್ತಾನೇ ಇರುತ್ತೆ, ತುಂಬಲ್ಲ. ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂಗೆ. ನೋಡೋರಿಗೆ ಮಾತ್ರ "ನಿಧಾನಕ್ಕೆ ತುಂಬ್ತಿದೆ" ಅನ್ನಿಸುತ್ತೆ. ಆ ಪೈಪಿನ ಬಾಗು ಪುಸ್ತಕದಲ್ಲಿ ಹೇಳಿದ ಎತ್ತರದಲ್ಲಿ, ಸಾಮಾನ್ಯವಾಗಿ ನೆಲದಿಂದ ಎರಡು-ಮೂರು ಅಡಿ ಮೇಲೆ, ಇರಬೇಕು. ಪೈಪಿನ ತುದಿ ನಿಂತ ನೀರಲ್ಲಿ ಮುಳುಗಿರಬಾರದು. ಕೆಳಗಡೇಗೇ ಪೈಪು ಬಿಡೋ ತರದ ಮಷೀನಾದ್ರೆ ಪುಸ್ತಕದಲ್ಲಿ ಹೇಳಿದಂಗೇ ಮಾಡಿ.

6. ವಾಲ್ವು. ಐದೂ ಸರಿ ಇದ್ದು ಇನ್ನೂ ನಿಧಾನ ಅಂದ್ರೆ ಮಾತ್ರ ಮಷೀನಿನ ಮೇಲೆ ಅನುಮಾನ ಪಡಿ. ಅಲ್ಲೂ ಒಂದು ಸುಳುವು ಐತೆ. ಬಹಳಷ್ಟು ಮಷೀನಲ್ಲಿ ಒಂದೇ ಬಾಯಿಗೆ ಎರಡು-ಮೂರು ವಾಲ್ವು ಇರ್ತವೆ: ಒಗೆಯೋಕೊಂದು, ಕೊನೇಲಿ ಕಂಫರ್ಟ್ ತರದ ದ್ರಾವಣ ಎಳ್ಕೊಳ್ಳೋಕೊಂದು. ಜಾಲರಿ ಎಲ್ಲಕ್ಕೂ ಒಂದೇ. ಒಗೆಯೋವಾಗ ನಿಧಾನ, ಕೊನೇ ನೀರು ಮಾತ್ರ ಜೋರು ಅಂದ್ರೆ ಜಾಲರಿ ತಪ್ಪಿಲ್ಲ, ಆ ಒಂದು ವಾಲ್ವು ಹೋಗೈತೆ. ವೋಲ್ಟೇಜ್ ಕಮ್ಮಿ ಇದ್ದಾಗಲೂ ವಾಲ್ವು ಗುಂಯ್ ಅಂತ ಸದ್ದು ಮಾಡಿ ಪೂರ್ತಿ ತೆರೆಯದೆ ಇರಬಹುದು. ವೋಲ್ಟೇಜ್ ಸರಿ ಇದ್ದಾಗ ಇನ್ನೊಂದ್ಸಲ ಹಾಕಿ ನೋಡಿ.

ಇನ್ನೊಂದು ಮಾತು. ಮುಂದಿನಿಂದ ಬಟ್ಟೆ ಹಾಕೋ ಮಷೀನು ನೀರನ್ನ ಬಿಟ್ಟು ಬಿಟ್ಟು ತಗೊಳ್ತದೆ. ಸ್ವಲ್ಪ ತುಂಬಿ, ಡ್ರಮ್ ತಿರುಗಿಸಿ, ಬಟ್ಟೆ ಕುಡಿದ ಮೇಲೆ ಮತ್ತೆ ತಗೊಳ್ತದೆ. ಅದು ಅದರ ನಡೆ, ರೋಗ ಅಲ್ಲ.

"ಬೋರ್ಡ್ ಹೋಗೈತೆ" ಅನ್ನೋರಿಗೆ

ನೀರು ನಿಧಾನಕ್ಕೆ ಬರ್ತಿದೆ ಅಂದ್ರೆ ಬೋರ್ಡ್ ಬದಲಾಯಿಸಬೇಕು ಅನ್ನೋ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ. ಬೋರ್ಡಿಗೆ ವಾಲ್ವಿನ ಜೊತೆ ಗೊತ್ತಿರೋದು ಎರಡೇ ಮಾತು: ತೆಗೆ, ಮುಚ್ಚು. ಬೋರ್ಡ್ ಹೋಗಿದ್ರೆ ಸಾಮಾನ್ಯವಾಗಿ ವಾಲ್ವು ತೆಗೆಯೋದೇ ಇಲ್ಲ, ಇಲ್ಲಾ ಮುಚ್ಚೋದೇ ಇಲ್ಲ. ನೀರು ಬರ್ತಾ ಐತೆ, ಆದ್ರೆ ಸಣ್ಣಗೆ ಬರ್ತಾ ಐತೆ ಅಂದ್ರೆ ಅದು ನೀರಿನ ದಾರಿಯ ಸಮಸ್ಯೆ. ಸ್ಟಾರ್ಟರ್ ಕೆಟ್ರೆ ಮೋಟ್ರು ಓಡಲ್ಲ. ಓಡೋ ಮೋಟ್ರಲ್ಲಿ ನೀರು ಕಮ್ಮಿ ಬಂದ್ರೆ ನಾವು ಸ್ಟಾರ್ಟರ್ ಬದಲಾಯಿಸ್ತೀವಾ?

ಮೆಕ್ಯಾನಿಕ್‌ಗಳನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಒಳ್ಳೇ ಮೆಕ್ಯಾನಿಕ್ ಬಂದ ತಕ್ಷಣ ಕೇಳೋದು ಸ್ಕ್ರೂ ಡ್ರೈವರ್ ಅಲ್ಲ, ಬಕೆಟ್. ನಲ್ಲಿ ನೋಡ್ತಾನೆ, ಟ್ಯಾಂಕ್ ಎಲ್ಲೈತೆ ಕೇಳ್ತಾನೆ. ಅಂಥೋನಿಗೆ ಕೇಳಿದಷ್ಟು ಕೊಡಿ, ಕಾಫಿ ಕೊಡಿ, ನಂಬರ್ ಇಟ್ಕೊಳ್ಳಿ. ಬಕೆಟ್ ಕೇಳದೆ ಬೋರ್ಡಿನ ರೇಟ್ ಹೇಳೋನನ್ನ ಮಾತ್ರ ಬಾಗಿಲಲ್ಲೇ ಕೈಮುಗಿದು ಕಳಿಸಿ. ವಾರಂಟಿ ಐತೆ ಅಂತ ಧೈರ್ಯವಾಗಿರೋರೂ ಕೇಳಿ: ಜಾಲರಿ ಕಟ್ಟಿದ್ದು, ಮನೆ ನೀರಿನ ಪ್ರೆಷರ್ ಕಮ್ಮಿ ಇದ್ದದ್ದು ಸಾಮಾನ್ಯವಾಗಿ ವಾರಂಟಿಗೆ ಬರಲ್ಲ.

ಇನ್ನು ಸುಣ್ಣ ತೆಗೆಯೋ ಪೌಡರ್ ಮಾರೋರು. "ನಮ್ಮ ಕಡೆ ನೀರು ಗಡಸು, ತಿಂಗಳಿಗೊಂದು ಪ್ಯಾಕೆಟ್ ಹಾಕಿ, ನೀರು ಸಲೀಸಾಗಿ ತುಂಬುತ್ತೆ" ಅಂತಾರೆ. ನಮ್ಮ ನೀರು ಗಡಸು ಅನ್ನೋದು ನಿಜ. ಕುಡಿಯೋ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಲಿ, ಬೇರೆ ದಾರಿ ಇಲ್ದಿದ್ರೆ 600ರವರೆಗೆ ಅಂತೈತೆ. ಬಯಲುಸೀಮೆಯ ಆಳದ ಬೋರುಗಳ ನೀರು ಹೆಂಗಿರುತ್ತೆ ಅಂತ ಬೇಳೆ ಬೇಯಿಸೋರನ್ನ ಕೇಳಿ. ಆದ್ರೆ ಯೋಚನೆ ಮಾಡಿ: ಆ ಪೌಡರ್ ಬೀಳೋದೆಲ್ಲಿ? ಡ್ರಮ್ ಒಳಗೆ. ಜಾಲರಿ, ವಾಲ್ವು ಇರೋದೆಲ್ಲಿ? ಡ್ರಮ್ಮಿಗಿಂತ ಮೊದಲು. ಲ್ಯಾಟರಲ್ ತುದೀಲಿ ಆಸಿಡ್ ಸುರಿದ್ರೆ ಪಂಪ್ ಹತ್ರದ ಫಿಲ್ಟರ್ ಕ್ಲೀನ್ ಆಗುತ್ತಾ? ನೀರು ಕಾಯಿಸೋ ಹೀಟರ್ ಇರೋ ಮಷೀನಲ್ಲಿ ಹೀಟರಿನ ಸುಣ್ಣಕ್ಕೆ ಆ ಪೌಡರ್ ಉಪಯೋಗ ಐತೆ, ಇಲ್ಲ ಅನ್ನಲ್ಲ. ನೀರು ನಿಧಾನಕ್ಕೆ ತುಂಬೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಲ್ಲಿಗೆ ಮೋಟ್ರು ಕಟ್ಟೋರಿಗೆ

ಈಗ ಕಹಿ ಮಾತು. ಹಳ್ಳಿ ಮನೆಗಳಿಗೆ ನಲ್ಲಿ ಕೊಡೋ ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆ ಆಯ್ತು. ನಮ್ಮ ರಾಜ್ಯದಲ್ಲಿ ಅದಕ್ಕೆ "ಮನೆ ಮನೆಗೆ ಗಂಗೆ" ಅಂತ ಹೆಸರು. ಲೆಕ್ಕ ಇರೋದು ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. ಮೇಲಿಂದ ಹಾಕೋ ಮಷೀನಿನ ಒಂದು ಒಗೆತಕ್ಕೇ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತೆ.

ಹಂಗಿರೋವಾಗ ಏನು ಮಾಡ್ತಿದಾರೆ? ಪ್ರೆಷರ್ ಸಾಕಾಗಲ್ಲ ಅಂತ ನಲ್ಲಿ ಲೈನಿಗೇ ಸೀದಾ ಅರ್ಧ ಎಚ್‌ಪಿ ಮೋಟ್ರು ಕಟ್ಟಿ ಎಳೀತಾರೆ. ಎಳೆದೋನ ಟ್ಯಾಂಕು ಹತ್ತು ನಿಮಿಷದಲ್ಲಿ ತುಂಬುತ್ತೆ. ಬೀದಿ ಕೊನೇ ಮನೆಯವರ ನಲ್ಲಿ ಗಾಳಿ ಉಗುಳುತ್ತೆ. ಅಷ್ಟೇ ಅಲ್ಲ. ಮೋಟ್ರು ಎಳೆದಾಗ ಪೈಪಿನೊಳಗೆ ಪ್ರೆಷರ್ ಸೊನ್ನೆಗಿಂತ ಕೆಳಗಿಳಿದ್ರೆ, ಚರಂಡಿ ಪಕ್ಕ ಸಡಿಲ ಇರೋ ಜಾಯಿಂಟುಗಳಿಂದ ಕೊಳಕು ನೀರು ಒಳಗೆ ಎಳ್ಕೊಳ್ಳುತ್ತೆ. ಅದನ್ನ ಕುಡಿಯೋದು ಇಡೀ ಬೀದಿಯ ಮಕ್ಕಳು, ಮೋಟ್ರು ಕಟ್ಟಿದೋನ ಮಕ್ಕಳೂ ಸೇರಿ.

ಹೇಮಾವತಿ ನೀರು ನಾಲೆಯ ಕೊನೆಗೆ ಬರಲ್ಲ, ಮೇಲ್ಗಡೆಯವರು ಎಳ್ಕೊಳ್ತಾರೆ ಅಂತ ಕೂಗೋರು ನಾವು. ಆ ಕೂಗು ನ್ಯಾಯವಾದದ್ದೇ. ಹಂಗಾದ್ರೆ ನಮ್ಮ ಬೀದಿಯ ನಲ್ಲಿ ಲೈನಿಗೆ ಮೇಲ್ಗಡೆ ಯಾರು, ಕೊನೆ ಯಾರು? ನಾಲೇಲಿ ಒಂದು ನ್ಯಾಯ ಕೇಳಿ, ನಲ್ಲೀಲಿ ಇನ್ನೊಂದು ನ್ಯಾಯ ನಡೆಸೋಕಾಗಲ್ಲ. ಬಟ್ಟೆ ಬೇಗ ಒಗೆಯಲಿ ಅಂತ ಪಕ್ಕದ ಮನೆ ಮುದುಕಿಯ ಕೊಡ ಖಾಲಿ ಇಡೋದು ಯಾವ ಲೆಕ್ಕದಲ್ಲೂ ರೈತಾಪಿ ಬುದ್ಧಿ ಅಲ್ಲ.

ಮೋಟ್ರೇ ಬೇಕು ಅಂದ್ರೆ ದಾರಿ ಐತೆ. ನಲ್ಲಿ ನೀರು ತಾನಾಗಿ ಬಂದು ಸಂಪಿಗೆ ಬೀಳಲಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನಿಮ್ಮ ಮೋಟ್ರು. ಟ್ಯಾಂಕಿಂದ ಮಷೀನಿಗೆ ಪ್ರೆಷರ್ ಸಾಕಾಗಲಿಲ್ಲ ಅಂದ್ರೆ ಟ್ಯಾಂಕಿನ ನಂತರ ಸಣ್ಣ ಬೂಸ್ಟರ್ ಪಂಪ್. ಅದರಿಂದ ಯಾರ ಪಾಲೂ ಹೋಗಲ್ಲ. ಆದ್ರೆ ಜಾಲರಿ ತೊಳೆದು, ಪೈಪು ನೋಡಿ, ಟ್ಯಾಂಕ್ ಎತ್ತರಿಸಿದ ಮೇಲೆ ಕೊನೇದಾಗಿ ಅದು. ಕಟ್ಟಿರೋ ಜಾಲರಿಗೆ ಬೂಸ್ಟರ್ ಹಾಕೋದು, ಕಟ್ಟಿರೋ ಡ್ರಿಪ್ಪಿಗೆ ಹತ್ತು ಎಚ್‌ಪಿ ಮೋಟ್ರು ಹಾಕಿದಂಗೆ.

ಹೊಲದಿಂದ ಮನೆಗೆ ತರಬೇಕಾದ್ದು ಇನ್ನೊಂದೈತೆ. ಡ್ರಿಪ್ ಸಾಮಾನಿನ ಅಂಗಡೀಲಿ ಸಿಗೋ ಒಂದಿಂಚಿನ ಸ್ಕ್ರೀನ್ ಫಿಲ್ಟರ್. ಟ್ಯಾಂಕಿನ ಔಟ್‌ಲೆಟ್ಟಿಗೆ, ಕೈಗೆ ಸಿಗೋ ಜಾಗದಲ್ಲಿ, ಒಂದು ವಾಲ್ವಿನ ಜೊತೆ ಕೂರಿಸಿ. ಮುಕ್ಕಾಲು ಇಂಚಿಂದು ಬೇಡ. ನಮ್ಮ ಮನೆಗಳ ಹೆಡ್ಡೇ ಕಮ್ಮಿ, ಫಿಲ್ಟರ್ ದೊಡ್ಡದಿದ್ದಷ್ಟೂ ತಡೆ ಕಮ್ಮಿ. ಮರಳು ಅಲ್ಲೇ ನಿಲ್ಲುತ್ತೆ. ಮಷೀನಿನ ಜೊತೆ ಗೀಸರ್, ನಲ್ಲಿ ಎಲ್ಲವೂ ಉಳೀತವೆ.

"ನಮ್ಮಜ್ಜಿ ಕಲ್ಲ ಮೇಲೆ ಒಗೀತಿರ್ಲಿಲ್ವಾ?"

ಈ ಮಾತು ಬಂದೇ ಬರುತ್ತೆ ಅಂತ ಗೊತ್ತು, ಅದಕ್ಕೇ ಮೊದಲೇ ಉತ್ತರ. ಒಗೀತಿದ್ರು ಸ್ವಾಮಿ. ಕೆರೆ ಕೋಡೀಲಿ, ಬಾವಿ ಕಟ್ಟೇಲಿ, ಬಿಸಿಲಲ್ಲಿ ಕೂತು ಒಗೀತಿದ್ರು. ನಿಮ್ಮಜ್ಜ ಕಪಿಲೆ ಹೊಡೆದು ನೀರೆತ್ತುತಿದ್ರು, ಏತ ತುಳೀತಿದ್ರು. ನೀವ್ಯಾಕೆ ಸಬ್‌ಮರ್ಸಿಬಲ್ ಇಳಿಸಿದೀರಿ? ಮೊಬೈಲಲ್ಲಿ ಮೋಟ್ರು ಆನ್ ಮಾಡೋ ಸ್ಟಾರ್ಟರ್ ಯಾಕೆ ಹಾಕಿದೀರಿ? ಗಂಡಸರ ಸೊಂಟ ಉಳಿಸೋ ಯಂತ್ರ ಬಂದ್ರೆ ಪ್ರಗತಿ, ಹೆಂಗಸರ ಸೊಂಟ ಉಳಿಸೋ ಯಂತ್ರ ಬಂದ್ರೆ ಸೋಮಾರಿತನ. ಈ ಲೆಕ್ಕ ಯಾವ ಪಂಚಾಂಗದಲ್ಲಿ ಬರೆದೈತೆ?

ಇನ್ನೊಬ್ಬರು ಅಂತಾರೆ, "ಮನೆಯವಳಿಗೆ ಮಷೀನು ಉಪಯೋಗಿಸೋಕೆ ಬರಲ್ಲ, ಅದಕ್ಕೇ ಹಿಂಗಾಗುತ್ತೆ." ಆಕೆ ಟ್ಯಾಂಕ್ ಎಲ್ಲಿಡಬೇಕು ಅಂತ ತೀರ್ಮಾನ ಮಾಡಿದ್ಲಾ? ಅರ್ಧ ಇಂಚು ಪೈಪು ಆಕೆ ತಂದಿದ್ದಾ? ಆ ತೀರ್ಮಾನಗಳೆಲ್ಲ ಗಂಡಸರು ನಿಂತು ಮಾಡಿಸಿದ್ದು. ಹೊಸ ಮನೆ ಕಟ್ಟಿಸ್ತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಮಾತು: ಪ್ಲಂಬರ್ ಜೊತೆ ಮಾತಾಡೋವಾಗ ಮನೇಲಿ ನೀರು ಬಳಸೋರನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ. ಬಟ್ಟೆ ಒಗೆಯೋ ಜಾಗಕ್ಕೆ ಟ್ಯಾಂಕಿಂದ ಸೀದಾ ಮುಕ್ಕಾಲು ಇಂಚಿನ ಬೇರೆ ಲೈನು ಕೊಡಿಸಿ. ಗೋಡೆ ಒಡೆಯೋ ಮುಂಚೆ ಮಾಡಿದ್ರೆ ಖರ್ಚು ಕಮ್ಮಿ, ಆಮೇಲೆ ಮಾಡಿದ್ರೆ ಟೈಲ್ಸ್ ಹೋಗುತ್ತೆ.

ಮಾಡಬೇಕಾದ್ದು

ಅಮಾವಾಸ್ಯೆ ದಿನ ನಾವು ಆರು ಕಟ್ಟಲ್ಲ. ಆ ದಿನ ಹತ್ತು ನಿಮಿಷ ಜಾಲರಿಗೆ ಕೊಡಿ. ತಿಂಗಳಿಗೊಂದ್ಸಲ ಆಯ್ತು, ನೆನಪಿಟ್ಕೊಳ್ಳೋ ಕಷ್ಟವೂ ಇಲ್ಲ. ಪ್ಲಗ್ ಕೀಳೋದು, ನಲ್ಲಿ ಮುಚ್ಚೋದು, ಜಾಲರಿ ತೊಳೆಯೋದು, ಪೈಪು ಕೈಯಲ್ಲೇ ಬಿಗಿ ಮಾಡೋದು. ಸ್ಪ್ಯಾನರ್ ಹಾಕಿ ಹಿಂಡಬೇಡಿ, ಪ್ಲಾಸ್ಟಿಕ್ ಮರೆ ಒಡೆಯುತ್ತೆ. ಟ್ಯಾಂಕನ್ನ ಆರು ತಿಂಗಳಿಗೊಮ್ಮೆ ಇಳಿದು ಉಜ್ಜಿ. ಇದನ್ನ ಮಗನಿಗೂ ಕಲಿಸಿ, ಮಗಳಿಗೂ ಕಲಿಸಿ.

ಓದಿ ಲೈಕ್ ಒತ್ತಿ ಹೋಗಬೇಡಿ. ಇವತ್ತು ಸಂಜೆ ಬಕೆಟ್ ಹಿಡಿದು ನಿಮ್ಮ ಮನೆ ಲೆಕ್ಕ ತೆಗೀರಿ: ನಲ್ಲೀಲಿ ಹತ್ತು ಲೀಟರಿಗೆ ಎಷ್ಟು ಸೆಕೆಂಡು, ಮಷೀನಿನ ಪೈಪಲ್ಲಿ ಎಷ್ಟು ಸೆಕೆಂಡು, ಟ್ಯಾಂಕ್ ಎಷ್ಟು ಎತ್ತರ, ಜಾಲರೀಲಿ ಸಿಕ್ಕಿದ್ದು ಮರಳೋ ಕೆಂಪೋ ಸುಣ್ಣವೋ. ನಾಲ್ಕೂ ಕೆಳಗೆ ಬರೀರಿ. ಒಂದೇ ಬೋರಿನ ನೀರು ಕುಡಿಯೋ ನಾಲ್ಕು ಮನೆ ಲೆಕ್ಕ ಪಕ್ಕಪಕ್ಕ ಕೂತ್ರೆ, ಕೆಟ್ಟಿರೋದು ಮಷೀನಾ, ಟ್ಯಾಂಕಾ, ಇಲ್ಲಾ ಬೀದಿ ಮೇಲ್ಗಡೆಯ ಯಾರದೋ ಮೋಟ್ರಾ ಅನ್ನೋದು ತಾನೇ ಗೊತ್ತಾಗುತ್ತೆ.